ಜೋಳದ ದಂಟಿನ ತೂಕ ಎಲ್ಲಿಂದ ಬಂತು?

ಪ್ರಶ್ನೆ: ನಮ್ಮದು ರೋಣ ತಾಲ್ಲೂಕಿನಲ್ಲಿ ಎರೆ ಹೊಲ. ಹಿಂಗಾರಿಗೆ ಬಿಳಿಜೋಳ ಬಿತ್ತುತ್ತೇವೆ, ಪಕ್ಕದ ಪಟ್ಟಿಯಲ್ಲಿ ಮೆಣಸಿನಕಾಯಿ ಇರುತ್ತದೆ. ಬೆಳೆ ಭೂಮಿಯ ಸಾರ ತಿಂದು ಬೆಳೆಯುತ್ತದೆ ಎಂದು ನಮ್ಮ ತಂದೆಯವರು ಹೇಳುತ್ತಾರೆ. ಗಿಡಗಳು ಸೂರ್ಯನ ಬೆಳಕಿನಿಂದ ಆಹಾರ ಮಾಡಿಕೊಳ್ಳುತ್ತವೆ ಎಂದು ಮಗಳ ಶಾಲೆಯ ಪುಸ್ತಕದಲ್ಲಿದೆ. ಬಿಸಿಲೇ ಊಟವಾದರೆ ಮಧ್ಯಾಹ್ನದ ಬಿಸಿಲಿಗೆ ಮೆಣಸಿನ ಗಿಡ ಜೋತು ಬೀಳುವುದೇಕೆ, ಅದೇ ಬಿಸಿಲಿನಲ್ಲಿ ಜೋಳ ನೆಟ್ಟಗೆ ನಿಲ್ಲುವುದು ಹೇಗೆ? ತೆನೆ ಬಂದ ಮೇಲೆ ದನಗಳಿಗೆಂದು ಜೋಳದ ಎಲೆ ಸವರಿಕೊಂಡರೆ ಇಳುವರಿಗೆ ನಷ್ಟವಿದೆಯೇ?

ಉತ್ತರ: ನಿಮ್ಮ ತಂದೆಯವರ ಮಾತಿನಲ್ಲಿಯೂ ಮಗಳ ಪುಸ್ತಕದಲ್ಲಿಯೂ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿದೆ, ಅದು ಗಾಳಿ. ಧಾರವಾಡದಲ್ಲಿ ಸಸ್ಯಶಾಸ್ತ್ರದ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ನಾನು ಪ್ರತಿ ಹೊಸ ತಂಡಕ್ಕೂ ಒಂದು ಒಣ ಜೋಳದ ದಂಟನ್ನು ಕೈಗೆ ಕೊಟ್ಟು, ಇದರ ತೂಕ ಎಲ್ಲಿಂದ ಬಂತು ಎಂದು ಕೇಳುತ್ತಿದ್ದೆ. ರೈತರ ಮಕ್ಕಳೂ ಸೇರಿದಂತೆ ಬಹುಪಾಲು ಹುಡುಗರು ಮಣ್ಣಿನಿಂದ ಎನ್ನುತ್ತಿದ್ದರು, ಕೆಲವರು ನೀರಿನಿಂದ ಎನ್ನುತ್ತಿದ್ದರು, ಗಾಳಿಯಿಂದ ಎಂದವರನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಕಣ್ಣಿಗೆ ಕಾಣದ ಗಾಳಿಯಿಂದ ಕೈಗೆ ಭಾರವಾಗುವ ಕಣಿಕೆಯ ಸಿವುಡು ಹುಟ್ಟುತ್ತದೆ ಎಂಬುದನ್ನು ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ.

ಹದಿನೇಳನೆಯ ಶತಮಾನದಲ್ಲಿ ಯಾನ್ ಬ್ಯಾಪ್ಟಿಸ್ಟ್ ಫಾನ್ ಹೆಲ್ಮಾಂಟ್ ಎಂಬ ವೈದ್ಯ ಇದನ್ನು ತಕ್ಕಡಿಯಿಂದಲೇ ನಿರ್ಧರಿಸಲು ಹೊರಟ. ಒಣಗಿಸಿ ತೂಗಿದ 200 ಪೌಂಡು ಮಣ್ಣಿನಲ್ಲಿ 5 ಪೌಂಡಿನ ವಿಲೋ ಗಿಡವೊಂದನ್ನು ನೆಟ್ಟು, ಐದು ವರ್ಷ ಬರೀ ನೀರು ಹಾಕಿ ಬೆಳೆಸಿ ಮತ್ತೆ ತೂಗಿದಾಗ ಮರ 169 ಪೌಂಡು ದಾಟಿತ್ತು, ಮಣ್ಣಿನಲ್ಲಿ ಕಡಿಮೆಯಾಗಿದ್ದುದು ಸುಮಾರು ಎರಡು ಔನ್ಸು ಮಾತ್ರ. ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವನು ತೀರ್ಮಾನಿಸಿದ. ಅವನು ತೀರಿಕೊಂಡ ಮೇಲೆ 1648ರಲ್ಲಿ ಅಚ್ಚಾದ ಈ ತೀರ್ಮಾನ ತಪ್ಪು, ಆದರೆ ಮಣ್ಣಿನ ಮಟ್ಟಿಗೆ ಅವನ ತಕ್ಕಡಿ ಸುಳ್ಳು ಹೇಳಿರಲಿಲ್ಲ.

ಅಷ್ಟು ವರ್ಷ ಕಾಯದೆ ಇದನ್ನು ನಿಮ್ಮ ಮನೆಯ ಒಲೆಯಲ್ಲಿಯೇ ನೋಡಬಹುದು. ಚೆನ್ನಾಗಿ ಒಣಗಿದ ಒಂದು ಕಿಲೋ ಕಣಿಕೆಯನ್ನು ಪೂರ್ತಿ ಸುಟ್ಟು, ಉಳಿದ ಬೂದಿಯನ್ನು ತೂಗಿರಿ. ಸಾಮಾನ್ಯವಾಗಿ ಅದು 50ರಿಂದ 100 ಗ್ರಾಮಿನ ಒಳಗೆ ಇರುತ್ತದೆ. ದಂಟು ಮಣ್ಣಿನಿಂದ ಎತ್ತಿಕೊಂಡದ್ದು ಹೆಚ್ಚುಕಡಿಮೆ ಅಷ್ಟೇ: ಪೊಟ್ಯಾಷಿಯಂ, ಕ್ಯಾಲ್ಸಿಯಂ, ರಂಜಕ, ಜೋಳದ ಜಾತಿಯ ಹುಲ್ಲುಗಳಲ್ಲಿ ಧಾರಾಳವಾಗಿರುವ ಸಿಲಿಕಾ. ಮಣ್ಣಿನಿಂದಲೇ ಬಂದ ಸಾರಜನಕವೂ ಉಂಟು, ಅದು ಹೊಗೆಯ ಜೊತೆ ಹೋಗಿರುತ್ತದೆ. ಉಳಿದ ಒಂಬತ್ತು ನೂರು ಗ್ರಾಂ ಎಲ್ಲಿಂದ ಬಂದಿತ್ತೋ ಅಲ್ಲಿಗೇ, ಎಂದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಗಾಳಿಗೆ ಮರಳಿತು, ಮತ್ತು ಹೋಗುವಾಗ ನಾಲ್ಕು ತಿಂಗಳು ಕೂಡಿಟ್ಟ ಬಿಸಿಲನ್ನು ಬೆಂಕಿಯ ರೂಪದಲ್ಲಿ ಬಿಟ್ಟುಕೊಟ್ಟಿತು.

ಒಂದು ಲೆಕ್ಕವನ್ನೂ ಮಾಡಿ ನೋಡೋಣ. ನಿಮ್ಮ ಒಂದು ಎಕರೆಯಲ್ಲಿ ಕಾಳು, ಕಣಿಕೆ, ಬೇರು ಎಲ್ಲ ಸೇರಿ 20 ಕ್ವಿಂಟಲ್ ಒಣ ಪದಾರ್ಥ ಬಂತೆಂದು ಇಟ್ಟುಕೊಳ್ಳಿ. ಒಣ ಸಸ್ಯದ ತೂಕದಲ್ಲಿ ನೂರಕ್ಕೆ 45ರಷ್ಟು ಇಂಗಾಲ, ಆದ್ದರಿಂದ ಇಲ್ಲಿ 9 ಕ್ವಿಂಟಲ್ ಇಂಗಾಲವಿದೆ, ಅದಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡು 33 ಕ್ವಿಂಟಲ್. ಗಾಳಿಯಲ್ಲಾದರೋ ಈ ಅನಿಲ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 420 ಪಾಲು, ಒಂದು ಘನಮೀಟರ್ ಗಾಳಿಯನ್ನು ಸೋಸಿದರೆ ಒಂದು ಗ್ರಾಂ ಕೂಡ ಸಿಗುವುದಿಲ್ಲ. ಹಾಗಾಗಿ ಆ 33 ಕ್ವಿಂಟಲನ್ನು ಕೂಡಿಸಲು ನಿಮ್ಮ ಎಕರೆಯ ಮೇಲೆ ಒಂದು ಕಿಲೋಮೀಟರಿಗೂ ಮಿಕ್ಕಿದ ಎತ್ತರದ ಗಾಳಿಯ ಕಂಬವನ್ನೇ ಬರಿದು ಮಾಡಬೇಕು. ಗದುಗಿನ ಕಡೆಯ ಗಾಳಿ ನಿಂತಲ್ಲಿ ನಿಲ್ಲುವುದಿಲ್ಲವಾದ್ದರಿಂದ ಹೊಸ ಗಾಳಿ ಬರುತ್ತಲೇ ಇರುತ್ತದೆ, ಮಣ್ಣಿನ ಸೂಕ್ಷ್ಮಜೀವಿಗಳು ಕೆಳಗಿನಿಂದಲೂ ಒಂದಿಷ್ಟು ಬಿಡುತ್ತವೆ, ಬೆಳೆಗೆ ಕೊರತೆ ಬೀಳುವುದಿಲ್ಲ. ಆದರೆ ಇಷ್ಟು ತೆಳುವಾಗಿ ಹರಡಿದ ಪದಾರ್ಥವನ್ನು ಹಿಡಿಯಲು ಎಲೆ ಎಷ್ಟು ಹೊತ್ತು ಬಾಯಿ ತೆರೆದಿರಬೇಕು ಎಂಬುದನ್ನು ನೆನಪಿನಲ್ಲಿಡಿ, ನಿಮ್ಮ ಮೆಣಸಿನ ಗಿಡದ ಕಷ್ಟ ಇಲ್ಲಿಂದಲೇ ಶುರುವಾಗುತ್ತದೆ.

ಹಾಗಾದರೆ ಬಿಸಿಲಿನ ಪಾತ್ರವೇನು? ಬೆಳಕಿಗೆ ತೂಕವಿಲ್ಲ, ಅದು ಆಹಾರದೊಳಗೆ ಪದಾರ್ಥವಾಗಿ ಸೇರುವುದಿಲ್ಲ. ಅದು ಮಾಡುವ ಕೆಲಸ ನೀರನ್ನು ಒಡೆಯುವುದು. ಎಲೆಯ ಜೀವಕೋಶದೊಳಗೆ ಮಿಲಿಮೀಟರಿನ ಇನ್ನೂರನೆಯ ಒಂದು ಪಾಲಿನಷ್ಟು ಉದ್ದದ ಹಸಿರು ಕಣಗಳಿರುತ್ತವೆ, ಇವೇ ಕ್ಲೋರೋಪ್ಲಾಸ್ಟುಗಳು. ಅವುಗಳೊಳಗೆ ತಟ್ಟೆಗಳನ್ನು ಪೇರಿಸಿಟ್ಟಂತೆ ಪೊರೆಗಳಿದ್ದು, ಪತ್ರಹರಿತ್ತಿನ ಅಣುಗಳು ಆ ಪೊರೆಗಳಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ಕೆಂಪು ಮತ್ತು ನೀಲಿ ಬೆಳಕನ್ನು ಹೆಚ್ಚಾಗಿ ಹೀರುವ ಈ ಅಣುಗಳಲ್ಲಿ ಯಾವುದಕ್ಕೆ ಬೆಳಕು ತಾಗಿದರೂ ಆ ಉದ್ರೇಕ ಒಂದರಿಂದ ಒಂದಕ್ಕೆ ದಾಟುತ್ತ ಕೇಂದ್ರದಲ್ಲಿರುವ ವಿಶೇಷ ಜೋಡಿಯೊಂದನ್ನು ತಲುಪುತ್ತದೆ, ಆ ಜೋಡಿ ಒಂದು ಎಲೆಕ್ಟ್ರಾನನ್ನು ಕಳೆದುಕೊಳ್ಳುತ್ತದೆ. ಕಳೆದುಕೊಂಡದ್ದನ್ನು ತುಂಬಿಸಲು ಪಕ್ಕದಲ್ಲಿಯೇ ನಾಲ್ಕು ಮ್ಯಾಂಗನೀಸ್ ಮತ್ತು ಒಂದು ಕ್ಯಾಲ್ಸಿಯಂ ಪರಮಾಣುಗಳ ಒಂದು ಗೊಂಚಲಿದೆ, ಅದು ನೀರಿನ ಅಣುಗಳಿಂದ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಕಿತ್ತುಕೊಡುತ್ತದೆ. ಎರಡು ನೀರಿನ ಅಣುಗಳಿಂದ ನಾಲ್ಕು ಎಲೆಕ್ಟ್ರಾನು ಹೋದ ಮೇಲೆ ಉಳಿಯುವ ಆಮ್ಲಜನಕವೇ ನಾವು ಉಸಿರಾಡುವ ಪ್ರಾಣವಾಯು. ಎಲೆಯ ಪಾಲಿಗೆ ಅದು ಕೆಲಸ ಮುಗಿದ ಮೇಲೆ ಹೊರಗೆ ಹಾಕುವ ಕಸ.

ಗಿಡ ಕೆಟ್ಟ ಗಾಳಿಯನ್ನು ಸರಿಪಡಿಸುತ್ತದೆ ಎಂಬುದನ್ನು ಜೋಸೆಫ್ ಪ್ರೀಸ್ಟ್ಲಿ 1771ರಲ್ಲಿ ಪುದೀನ ಜಾತಿಯ ಗಿಡವೊಂದರಿಂದ ತೋರಿಸಿದ್ದ, ಬೆಳಕಿದ್ದಾಗ ಹಸಿರು ಭಾಗಗಳು ಮಾತ್ರ ಈ ಕೆಲಸ ಮಾಡುತ್ತವೆ ಎಂಬುದನ್ನು ಯಾನ್ ಇಂಗೆನ್‌ಹೌಸ್ 1779ರಲ್ಲಿ ಸ್ಥಾಪಿಸಿದ. ಆದರೂ ಈ ಆಮ್ಲಜನಕ ಇಂಗಾಲದ ಡೈಆಕ್ಸೈಡು ಒಡೆದು ಬರುತ್ತದೆ ಎಂದೇ ಬಹಳ ಕಾಲ ನಂಬಲಾಗಿತ್ತು. 1941ರಲ್ಲಿ ಸ್ಯಾಮ್ ರೂಬೆನ್ ಮತ್ತು ಮಾರ್ಟಿನ್ ಕೇಮನ್ ಮೊದಲಾದವರು ಭಾರವಾದ ಆಮ್ಲಜನಕದ ಗುರುತಿದ್ದ ನೀರನ್ನು ಪಾಚಿಗೆ ಕೊಟ್ಟು, ಹೊರಬಂದ ಅನಿಲದಲ್ಲಿ ಅದೇ ಗುರುತನ್ನು ಕಂಡ ಮೇಲೆ ಅದು ನೀರಿನಿಂದ ಬರುತ್ತದೆ ಎಂಬುದು ಖಚಿತವಾಯಿತು.

ನೀರಿನಿಂದ ಕಿತ್ತ ಎಲೆಕ್ಟ್ರಾನುಗಳು ಇನ್ನೊಂದು ಬಾರಿ ಬೆಳಕಿನ ನೂಕು ಪಡೆದು ಎನ್‌ಎಡಿಪಿಎಚ್ ಎಂಬ ಅಣುವಿನಲ್ಲಿ ಸೇರುತ್ತವೆ. ಅವು ಸಾಗುವ ದಾರಿಯಲ್ಲಿ ಪೊರೆಯ ಒಂದು ಬದಿಗೆ ಪ್ರೋಟಾನುಗಳು ಕೂಡಿಬಿದ್ದು, ಕೆರೆಯ ತೂಬಿನಿಂದ ನೀರು ಹರಿದು ಗಾಲಿ ತಿರುಗಿಸಿದಂತೆ, ಒಂದು ಕಿಣ್ವದ (ಜೀವಕೋಶದ ಕೆಲಸ ನಡೆಸುವ ಪ್ರೋಟೀನಿನ) ಮೂಲಕ ಹರಿದು, ಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನು ತಯಾರಿಸುತ್ತವೆ. ಈ ಕಿಣ್ವ ನಿಜವಾಗಿಯೂ ಗರಗರನೆ ತಿರುಗುತ್ತದೆ, ಹಾಗಾಗಿ ಹೋಲಿಕೆ ನಾನು ಅಂದಕ್ಕೆ ತಂದದ್ದಲ್ಲ. ಬಿಸಿಲಿನ ಕೆಲಸ ಇಲ್ಲಿಗೆ ಮುಗಿಯಿತು. ಮುಂದೆ ಈ ಎರಡು ಅಣುಗಳನ್ನು ವೆಚ್ಚ ಮಾಡಿ ಗಾಳಿಯ ಇಂಗಾಲವನ್ನು ಸಕ್ಕರೆಯಾಗಿ ಕಟ್ಟುವ ಕೆಲಸ, ಅದರ ಒಂದೊಂದು ಮೆಟ್ಟಿಲನ್ನೂ ವಿಕಿರಣಶೀಲ ಇಂಗಾಲದ ಜಾಡು ಹಿಡಿದು ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಮೆಲ್ವಿನ್ ಕ್ಯಾಲ್ವಿನ್, ಆಂಡ್ರೂ ಬೆನ್ಸನ್ ಮತ್ತು ಜೇಮ್ಸ್ ಬ್ಯಾಶಮ್ ಬಿಡಿಸಿದರು. 1961ರ ನೊಬೆಲ್ ಪ್ರಶಸ್ತಿ ಕ್ಯಾಲ್ವಿನ್ ಒಬ್ಬರಿಗೇ ಬಂದದ್ದು ನನಗೆ ಇಂದಿಗೂ ಸರಿಯೆನಿಸಿಲ್ಲ. ಆರು ಇಂಗಾಲದ ಒಂದು ಸಕ್ಕರೆಯ ಅಣುವಿಗೆ 18 ಎಟಿಪಿ, 12 ಎನ್‌ಎಡಿಪಿಎಚ್ ಖರ್ಚಾಗುತ್ತವೆ.

ಈ ಕೆಲಸದ ಬಾಗಿಲಲ್ಲಿ ರುಬಿಸ್ಕೊ ಎಂಬ ಕಿಣ್ವವಿದೆ, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿಯುವುದು ಅದೇ. ಜೀವಲೋಕವೆಲ್ಲ ನೆಚ್ಚಿಕೊಂಡಿರುವ ಈ ಕಿಣ್ವ ಬಹಳ ನಿಧಾನದ್ದು, ಸೆಕೆಂಡಿಗೆ ಮೂರರ ಆಸುಪಾಸಿನಲ್ಲಿ ಅಣುಗಳನ್ನು ಹಿಡಿಯುತ್ತದೆ. ಅದರ ಮೇಲೆ ಇಂಗಾಲದ ಡೈಆಕ್ಸೈಡಿಗೂ ಆಮ್ಲಜನಕಕ್ಕೂ ಪೂರ್ತಿ ಭೇದ ಮಾಡಲಾರದು. ಇಪ್ಪತ್ತೈದು ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ನಾಲ್ಕಕ್ಕೆ ಒಂದರಂತೆ ಆಮ್ಲಜನಕವನ್ನು ಹಿಡಿದು ಎಡವುತ್ತದೆ, ಆ ತಪ್ಪನ್ನು ತಿದ್ದುವಷ್ಟರಲ್ಲಿ ಗಿಡ ಆಗಲೇ ಕಟ್ಟಿದ್ದ ಇಂಗಾಲವನ್ನೂ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಬಿಸಿಲು ಏರಿದಷ್ಟೂ ಈ ಎಡವಟ್ಟು ಹೆಚ್ಚು. ಗಿಡ ಇದಕ್ಕೆ ಕಂಡುಕೊಂಡಿರುವ ಸಾಮಾನ್ಯ ಪರಿಹಾರವೆಂದರೆ ಕೆಲಸಗಾರರ ಸಂಖ್ಯೆಯನ್ನೇ ಹೆಚ್ಚಿಸುವುದು, ಮೆಣಸಿನಂಥ ಗಿಡದ ಎಲೆಯಲ್ಲಿ ನೀರಿನಲ್ಲಿ ಕರಗುವ ಪ್ರೋಟೀನಿನ ಅರ್ಧದವರೆಗೂ ಇದೊಂದೇ ಕಿಣ್ವ ಇರಬಹುದು. ಯೂರಿಯಾ ಹಾಕಿದಾಗ ಬೆಳೆ ಹಸುರೇರುವುದಕ್ಕೂ ಇಲ್ಲಿಗೂ ಸಂಬಂಧವಿದೆ, ಏಕೆಂದರೆ ಎಲೆಯ ಸಾರಜನಕದ ದೊಡ್ಡ ಪಾಲು ಈ ಕಿಣ್ವದಲ್ಲಿಯೂ ಪತ್ರಹರಿತ್ತನ್ನು ಹಿಡಿದಿಡುವ ಪ್ರೋಟೀನುಗಳಲ್ಲಿಯೂ ಇದೆ.

ನಿಮ್ಮ ತಂದೆಯವರ ಮಾತಿಗೆ ಬೆಲೆ ಇರುವುದು ಇಲ್ಲಿ. ಮಣ್ಣಿನ ಸಾರ ಗಿಡದ ಊಟವಲ್ಲ, ಅಡುಗೆಮನೆಯ ಪಾತ್ರೆಪಗಡ. ಪತ್ರಹರಿತ್ತಿನ ಪ್ರತಿ ಅಣುವಿನ ನಡುವೆ ಒಂದು ಮೆಗ್ನೀಸಿಯಂ ಪರಮಾಣು ಕೂತಿದೆ, ನಮ್ಮ ಕಡೆ ಬಿಟಿ ಹತ್ತಿಯ ಎಲೆ ಕಾಯಿ ಕಟ್ಟುವ ಹೊತ್ತಿಗೆ ಕೆಂಪಾಗುವುದಕ್ಕೆ ಅದರ ಕೊರತೆಯೂ ಒಂದು ಕಾರಣ, ಮೆಗ್ನೀಸಿಯಂ ಸಲ್ಫೇಟ್ ಸಿಂಪಡಿಸಲು ಹೇಳುವುದು ಅದಕ್ಕೇ. ಸುಣ್ಣದಂಶ ಹೆಚ್ಚಿರುವ ಎರೆಯಲ್ಲಿ ಶೇಂಗಾ ಹಳದಿಯಾಗುವುದು ಬಹಳ ಸಲ ಕಬ್ಬಿಣ ಸಿಗದೆ. ಮಣ್ಣಿನಿಂದ ಬರುವುದು ತೂಕದಲ್ಲಿ ಅಲ್ಪ, ಆದರೆ ಅದು ಇಲ್ಲದಿದ್ದರೆ ಒಲೆಯೇ ಹತ್ತುವುದಿಲ್ಲ.

ಇನ್ನು ಮಧ್ಯಾಹ್ನದ ಮೆಣಸಿನ ಗಿಡ. ಎಲೆಯ ಮೇಲ್ಮೈಯಲ್ಲಿ, ಹೆಚ್ಚಾಗಿ ಕೆಳಮುಖದಲ್ಲಿ, ತೆರೆದು ಮುಚ್ಚುವ ಸೂಕ್ಷ್ಮ ರಂಧ್ರಗಳಿವೆ. ಇಂಗಾಲದ ಡೈಆಕ್ಸೈಡು ಒಳಗೆ ಬರುವುದೂ ನೀರಾವಿ ಹೊರಗೆ ಹೋಗುವುದೂ ಈ ಒಂದೇ ಬಾಗಿಲಿನಿಂದ. ತೆಳುವಾಗಿ ಹರಡಿದ ಅನಿಲಕ್ಕಾಗಿ ಬಾಗಿಲನ್ನು ಅಗಲವಾಗಿ ತೆರೆದಿಟ್ಟರೆ ನೂರಾರು ಪಟ್ಟು ನೀರು ಆರಿಹೋಗುತ್ತದೆ, ಬೇರು ಎಳೆದ ನೀರಿನಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚು ಪಾಲು ಹೀಗೆ ಆವಿಯಾಗುವಂಥದ್ದೇ. ಚಿತ್ತಾ ಮಳೆ ಹಿಂದಾಗಿ ಆಕಾಶ ತೊಳೆದಂತಾದ ಮೇಲೆ ಒಂದು ಗಂಟೆಯ ಹೊತ್ತಿಗೆ ಒಣ ಗಾಳಿ ಎಷ್ಟು ನೀರು ಕೇಳುತ್ತದೋ ಅಷ್ಟನ್ನು ಮೆಣಸಿನ ಬೇರು ಒದಗಿಸಲಾರದು. ಆಗ ಎಲೆಯ ಕೋಶಗಳ ಬಿಗಿ ಸಡಿಲಾಗಿ ಗಿಡ ಜೋಲುತ್ತದೆ, ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಬಿಸಿಲು ಹೇರಳವಾಗಿ ಬೀಳುತ್ತಿದೆ, ಒಳಗೆ ಮಾತ್ರ ಇಂಗಾಲವಿಲ್ಲ. ಮುಚ್ಚಿದ ಎಲೆಯೊಳಗೆ ಆಮ್ಲಜನಕದ ಪಾಲು ಮೇಲಾಗಿ ರುಬಿಸ್ಕೊ ಇನ್ನಷ್ಟು ಎಡವುತ್ತದೆ, ಬಳಸಲಾಗದ ಬೆಳಕು ಪೊರೆಗಳನ್ನೇ ಸುಡದಂತೆ ಗಿಡ ಅದನ್ನು ಶಾಖವಾಗಿ ಹೊರಹಾಕಬೇಕಾಗುತ್ತದೆ. ಮೆಣಸಿನಂಥ ಗಿಡದ ಬಿಡಿ ಎಲೆಗೆ ಪೂರ್ಣ ಬಿಸಿಲಿನ ಅರ್ಧವೇ ಸಾಕಾಗಿರುತ್ತದೆ, ಉಳಿದದ್ದು ಹೊರೆ. ಜೋತು ಬೀಳುವುದರಿಂದಲೂ ಎಲೆಯ ಮೇಲೆ ನೇರ ಬಿಸಿಲು ಕಡಿಮೆಯಾಗುತ್ತದೆ. ಸಂಜೆ ನಾಲ್ಕರ ನಂತರ ಅದು ತಾನಾಗಿ ಎದ್ದು ನಿಂತರೆ ಗಾಬರಿಯಾಗಬೇಕಿಲ್ಲ, ಬೆಳಗಿನ ಏಳು ಗಂಟೆಗೂ ಬಾಡಿದಂತಿದ್ದರೆ ನೆಲದಲ್ಲಿ ತೇವ ಮುಗಿದಿದೆ ಅಥವಾ ಬೇರಿಗೆ ರೋಗ ತಗುಲಿದೆ ಎಂದು ತಿಳಿಯಬೇಕು.

ಜೋಳದ ಒಳರಚನೆಯೇ ಬೇರೆ. ಒಂದು ಎಳೆಯ ಜೋಳದ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಉದ್ದಕ್ಕೆ ಸಾಲಾಗಿ ಒತ್ತೊತ್ತಾದ ನರಗಳು ಕಾಣುತ್ತವೆ. ಬ್ಲೇಡಿನಿಂದ ಅಡ್ಡಲಾಗಿ ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಪ್ರತಿ ನರದ ಸುತ್ತಲೂ ಕಡು ಹಸಿರಿನ ದಪ್ಪ ಕೋಶಗಳು ಹೂವಿನ ದಂಡೆ ಮುಡಿಸಿದಂತೆ ಸುತ್ತುವರಿದಿರುತ್ತವೆ, ಅವುಗಳ ಹೊರಗೆ ತಿಳಿ ಹಸಿರಿನ ಇನ್ನೊಂದು ಸುತ್ತು. ಹೊರ ಸುತ್ತಿನ ಕೋಶಗಳಲ್ಲಿ ಇಂಗಾಲವನ್ನು ಹಿಡಿಯುವುದು ರುಬಿಸ್ಕೊ ಅಲ್ಲ, ಆಮ್ಲಜನಕದ ಗೋಜಿಗೇ ಹೋಗದ ಇನ್ನೊಂದು ಚುರುಕಾದ ಕಿಣ್ವ. ಹಿಡಿದದ್ದನ್ನು ಅದು ನಾಲ್ಕು ಇಂಗಾಲದ ಆಮ್ಲವಾಗಿ ಮಾಡಿ ಒಳಗಿನ ದಂಡೆಗೆ ಸಾಗಿಸುತ್ತದೆ, ಅಲ್ಲಿ ಇಂಗಾಲದ ಡೈಆಕ್ಸೈಡು ಮತ್ತೆ ಬಿಡುಗಡೆಯಾಗಿ ರುಬಿಸ್ಕೊವಿನ ಸುತ್ತ ಗಾಳಿಯಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ದಟ್ಟವಾಗಿ ತುಂಬಿಕೊಳ್ಳುತ್ತದೆ. ರುಬಿಸ್ಕೊಗೆ ಎಡವಲು ಆಸ್ಪದವೇ ಉಳಿಯುವುದಿಲ್ಲ. ಕಬ್ಬಿನ ಎಲೆಯಲ್ಲಿ ಈ ದಾರಿಯನ್ನು ಹಾಲ್ ಹ್ಯಾಚ್ ಮತ್ತು ರೋಜರ್ ಸ್ಲ್ಯಾಕ್ ಆಸ್ಟ್ರೇಲಿಯದಲ್ಲಿ ವಿವರಿಸಿ 1966ರಲ್ಲಿ ಪ್ರಕಟಿಸಿದರು, ಸಿ-4 ಎಂಬ ಹೆಸರು ಆ ನಾಲ್ಕು ಇಂಗಾಲದ ಆಮ್ಲದಿಂದಲೇ ಬಂದದ್ದು.

ಇದರ ಫಲವೆಂದರೆ ಜೋಳ ತನ್ನ ರಂಧ್ರಗಳನ್ನು ಅರೆ ತೆರೆದುಕೊಂಡೇ ಬೇಕಾದಷ್ಟು ಇಂಗಾಲ ಪಡೆಯಬಲ್ಲದು. ಒಂದು ಕಿಲೋ ಒಣ ಪದಾರ್ಥಕ್ಕೆ ಇಂಥ ಬೆಳೆ ಸುಮಾರು 300 ಲೀಟರ್ ನೀರು ಬಳಸಿದರೆ ಹತ್ತಿ, ಶೇಂಗಾ, ಮೆಣಸಿನಂಥ ಸಿ-3 (ಗಾಳಿಯ ಇಂಗಾಲವನ್ನು ನೇರವಾಗಿ ರುಬಿಸ್ಕೊವಿನಿಂದಲೇ ಹಿಡಿಯುವ) ಗಿಡಗಳಿಗೆ 500 ಲೀಟರಿಗೂ ಹೆಚ್ಚು ಬೇಕಾಗುತ್ತದೆ. ಸಜ್ಜೆ, ನವಣೆ, ರಾಗಿ, ಗೋವಿನಜೋಳ ಎಲ್ಲವೂ ಜೋಳದ ಪಂಗಡದವೇ, ನಿಮ್ಮ ಹತ್ತಿಯನ್ನು ಕಾಡುವ ಕರಿಕೆಯೂ ಜೇಕೂ ಅದೇ ಪಂಗಡದವು ಎಂಬುದು ಬೇಸರದ ಸಂಗತಿ. ಆದರೆ ಈ ಏರ್ಪಾಟಿಗೆ ಹೆಚ್ಚಿನ ಎಟಿಪಿ ಖರ್ಚಾಗುತ್ತದೆ, ಚಳಿಯಲ್ಲಿ ಅದರ ಚುರುಕೂ ಕಡಿಮೆ. ಪುಷ್ಯದ ಚಳಿಯಲ್ಲಿ ಇಬ್ಬನಿ ಬಿದ್ದ ಹೊಲದಲ್ಲಿ ಕಡಲೆ ಲವಲವಿಕೆಯಿಂದಿದ್ದು ತಡವಾಗಿ ಬಿತ್ತಿದ ಜೋಳ ಮಂಕಾಗುವುದನ್ನು ನೀವು ನೋಡಿಯೇ ಇರುತ್ತೀರಿ. ಬದುವಿನ ಮೇಲಿನ ಪಾಪಾಸುಕಳ್ಳಿಯದೂ ಕತ್ತಾಳೆಯದೂ ಮೂರನೆಯ ದಾರಿ: ಅವು ರಾತ್ರಿ ರಂಧ್ರ ತೆರೆದು ಇಂಗಾಲವನ್ನು ಆಮ್ಲವಾಗಿ ಕೂಡಿಟ್ಟು, ಹಗಲು ಬಾಗಿಲು ಹಾಕಿಕೊಂಡು ಅಡುಗೆ ಮಾಡುತ್ತವೆ.

ಮಗಳಿಗೆ ತೋರಿಸಲು ಒಂದು ಸಣ್ಣ ಪ್ರಯೋಗವಿದೆ. ಅಂಗಳದ ದಾಸವಾಳದ ಒಂದು ಎಲೆಯ ಅರ್ಧವನ್ನು ಬೆಳಕು ಹೋಗದಂತೆ ಕಪ್ಪು ಕಾಗದದಿಂದ ಎರಡೂ ಕಡೆ ಮುಚ್ಚಿ ಎರಡು ದಿನ ಬಿಡಿ. ಮೂರನೆಯ ದಿನ ಸಂಜೆ ಅದನ್ನು ಕಿತ್ತು ಕುದಿಯುವ ನೀರಿನಲ್ಲಿ ಅದ್ದಿ, ಬಿಸಿ ನೀರಿನ ಪಾತ್ರೆಯೊಳಗಿಟ್ಟ ಲೋಟದ ಸ್ಪಿರಿಟಿನಲ್ಲಿ ಹಸಿರು ಹೋಗುವವರೆಗೆ ನೆನೆಸಿ, ನೀರಿನಲ್ಲಿ ತೊಳೆದು ಟಿಂಚರ್ ಅಯೋಡಿನ್ ಹಾಕಿದರೆ ಬಿಸಿಲು ಕಂಡ ಅರ್ಧ ಮಾತ್ರ ಕಡು ನೀಲಿಯಾಗುತ್ತದೆ. ಆ ನೀಲಿಯೇ ಹಗಲಲ್ಲಿ ಕೂಡಿದ ಪಿಷ್ಟ. ಸ್ಪಿರಿಟನ್ನು ನೇರವಾಗಿ ಬೆಂಕಿಯ ಮೇಲೆ ಎಂದಿಗೂ ಇಡಬಾರದು, ಒಲೆ ಆರಿಸಿದ ಮೇಲೆಯೇ ಈ ಕೆಲಸ ಮಾಡಬೇಕು, ದೊಡ್ಡವರು ಪಕ್ಕದಲ್ಲಿರಬೇಕು. ರಾತ್ರಿ ಈ ಪಿಷ್ಟ ಮತ್ತೆ ಸಕ್ಕರೆಯಾಗಿ ಕರಗಿ ಬೇರಿಗೆ, ಚಿಗುರಿಗೆ, ತೆನೆಗೆ ಹರಿಯುತ್ತದೆ, ಒಂದು ಪಾಲು ಗಿಡದ ಸ್ವಂತ ಉಸಿರಾಟಕ್ಕೆ ಹೋಗುತ್ತದೆ. ಅರಳಿಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆ ಎಂಬ ಮಾತನ್ನು ಯಾರಾದರೂ ಹೇಳಿದರೆ ಮಗಳು ಒಪ್ಪಬೇಕಾಗಿಲ್ಲ, ಕತ್ತಲಲ್ಲಿ ಯಾವ ಮರವೂ ನೀರನ್ನು ಒಡೆಯುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಸೀತನಿಯಲ್ಲಿಯೇ ಇದೆ. ಎಳ್ಳಮಾವಾಸ್ಯೆಯ ಸುಮಾರಿಗೆ ಕುಳ್ಳಿನ ಕೆಂಡದಲ್ಲಿ ಸುಟ್ಟು ಬಡಿದ ಹಸಿ ಕಾಳು ಸಿಹಿಯಾಗಿರುವುದು, ಎಲೆಯಿಂದ ಹರಿದು ಬಂದ ಸಕ್ಕರೆ ಇನ್ನೂ ಪೂರ್ತಿ ಪಿಷ್ಟವಾಗಿ ಗಟ್ಟಿಯಾಗಿರದ ಕಾರಣ. ಎಂದರೆ ಹೂವಾದ ಮೇಲಿನ ಮೂವತ್ತು ನಲವತ್ತು ದಿನ ಕಾಳಿಗೆ ಬೇಕಾದದ್ದನ್ನು ಬಹುಮಟ್ಟಿಗೆ ಆಗಿಂದಾಗ ಎಲೆಗಳೇ ದುಡಿದು ಕೊಡುತ್ತಿರುತ್ತವೆ. ಅದರಲ್ಲಿ ತೆನೆಯ ಬುಡದ ಎಲೆ ಮತ್ತು ಅದರ ಕೆಳಗಿನ ಮೂರು ನಾಲ್ಕು ಎಲೆಗಳ ಪಾಲು ದೊಡ್ಡದು, ಅವಕ್ಕೂ ಕೆಳಗಿನ ಹಸಿರೆಲೆಗಳು ಮುಖ್ಯವಾಗಿ ಬೇರನ್ನು ಸಾಕುತ್ತವೆ. ಹಿಂಗಾರಿ ಜೋಳ ಎರೆಯ ಆಳದಲ್ಲಿ ಉಳಿದ ತೇವದ ಮೇಲೆಯೇ ಬದುಕಬೇಕಾದ್ದರಿಂದ ಆ ಬೇರು ಸೊರಗಿದರೆ ಮೇಲಿನ ಎಲೆಗೂ ನೀರಿಲ್ಲ. ಎಲೆಯ ದುಡಿಮೆ ಸಾಲದಾದಾಗ ಗಿಡ ದಂಟಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಬಗೆದು ತೆನೆಗೆ ಕಳಿಸುತ್ತದೆ, ಹೀಗೆ ಬರಿದಾದ ದಂಟಿಗೆ ಒಳಗೆಲ್ಲ ಇದ್ದಿಲ ಪುಡಿಯಂತೆ ಕಪ್ಪಾಗಿಸುವ ಕಾಂಡ ಕೊಳೆ ರೋಗ ಸುಲಭವಾಗಿ ಹತ್ತಿ ಬೆಳೆ ನೆಲಕ್ಕೆ ಒರಗುತ್ತದೆ.

ಆದ್ದರಿಂದ ಹಳದಿಗಟ್ಟಿ ಒಣಗುತ್ತಿರುವ ಬುಡದ ಎಲೆಗಳನ್ನು ಯಾವಾಗ ಬೇಕಾದರೂ ತೆಗೆದುಕೊಳ್ಳಿ, ಹಸಿರೆಲೆಗೆ ಮಾತ್ರ ಕಾಳು ಬಲಿಯುವವರೆಗೆ ಕೈ ಹಾಕಬೇಡಿ. ಬಲಿತಿದೆಯೇ ಎಂದು ತಿಳಿಯಲು ತೆನೆಯ ಕೆಳಭಾಗದ ಒಂದು ಕಾಳನ್ನು ಬಿಡಿಸಿ ಅದು ಅಂಟಿಕೊಂಡಿದ್ದ ಬುಡವನ್ನು ನೋಡಿ. ಅಲ್ಲಿ ಸಾಸಿವೆಗಿಂತ ಚಿಕ್ಕದಾದ ಕಪ್ಪು ಚುಕ್ಕೆ ಮೂಡಿದ್ದರೆ ಎಲೆಯಿಂದ ಕಾಳಿಗೆ ಬರುವ ದಾರಿ ಮುಚ್ಚಿದೆ, ಆಮೇಲೆ ಎಷ್ಟು ಎಲೆ ಸವರಿದರೂ ಕಾಳಿನ ತೂಕ ಇಳಿಯುವುದಿಲ್ಲ. ಕೊಯ್ದ ಕೂಳೆಯಿಂದ ಚಿಗುರಿದ ಎಳೆಯ ಹಿಳ್ಳುಗಳನ್ನು, ಅದರಲ್ಲೂ ನೀರಿಲ್ಲದೆ ಬಾಡಿದವನ್ನು, ದನಗಳಿಗೆ ಹಾಕಬೇಡಿ, ಅವುಗಳಲ್ಲಿ ಸಯನೈಡ್ ವಿಷ ಹುಟ್ಟುತ್ತದೆ.